ಕಿವಿ ಒಪ್ಪಿದ ಕೀಬೋರ್ಡು

ಆಸ್ಪತ್ರೆಯ ನೆಲಮಹಡಿಯ ಲ್ಯಾಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಅಂಕಿಯಕ್ಕ ಅಂದರೆ ಸಾಕು, ಮೇಲಿನ ವಾರ್ಡಿನ ನರ್ಸಿನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವಳ ಕೆಲಸವೂ ಅದೇ ತಾನೆ. ರಕ್ತ ಪರೀಕ್ಷೆಯ ಯಂತ್ರ ಓಬೀರಾಯನ ಕಾಲದ್ದು, ಅದಕ್ಕೂ ಕಂಪ್ಯೂಟರಿಗೂ ಮಾತುಕತೆಯೇ ಇಲ್ಲ. ಅದು ರೋಗಿಯ ನಂಬರನ್ನೂ ಬಂದ ಅಂಕಿಯನ್ನೂ ಒಂದು ಸಣ್ಣ ಕಾಗದದ ಚೀಟಿಯ ಮೇಲೆ ಅಚ್ಚೊತ್ತಿ ಉಗುಳುತ್ತದೆ. ಆ ಚೀಟಿ ನೋಡಿ ಕಂಪ್ಯೂಟರಿಗೆ ತುಂಬುವವಳು ಅಂಕಿಯಕ್ಕ. ಅವಳು ಎಂಟರ್ ಒತ್ತಿದ ಮರುಗಳಿಗೆ ಅಂಕಿ ಮೇಲಿನ ವಾರ್ಡುಗಳ ಪರದೆಯಲ್ಲಿ ಮೂಡುತ್ತದೆ. ಡಾಕ್ಟರು ನೋಡುವುದು ಪರದೆಯನ್ನು. ಚೀಟಿಯಲ್ಲಿ ಏನಿತ್ತು ಎಂದು ಕೇಳುವವರು ಯಾರೂ ಇಲ್ಲ.

ಅವಳ ಜಂಬವೇನು ಸಣ್ಣದಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಅಂಕಿ ತಪ್ಪಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದಳು, ಹೇಳದೆ ಒಂದು ದಿನವೂ ಬಿಡುತ್ತಿರಲಿಲ್ಲ. ಟೈಪಿಂಗ್ ಕಲಿಸಿದ ಮೇಷ್ಟ್ರು ಸ್ಕೇಲು ಹಿಡಿದುಕೊಂಡೇ ಪಕ್ಕದಲ್ಲಿ ನಿಲ್ಲುತ್ತಿದ್ದರಂತೆ. ಕಾಗದ ಬಿಟ್ಟು ಕಣ್ಣು ಅತ್ತಿತ್ತ ಹೋಯಿತೋ, ಬೆರಳಿನ ಗೆಣ್ಣಿಗೆ ಪಟ್ಟೆಂದು ಒಂದು ಏಟು. ಹಾಗಾಗಿ ಅವಳ ಕಣ್ಣು ಚೀಟಿ ಬಿಟ್ಟು ಕದಲುವುದಿಲ್ಲ. ಬಲಗೈ ಅಂಕಿಗಳ ಮೇಲೆ ತಾನೇ ತಾನಾಗಿ ಓಡುತ್ತದೆ. ಸರಿಯೋ ತಪ್ಪೋ ಎಂದು ನೋಡುವ ಕೆಲಸ ಕಿವಿಯದು. ಮೂರಂಕಿಗೆ ಮೂರು ಸದ್ದು, ಆಮೇಲೆ ಎಂಟರಿನ ದಪ್ಪ ಸದ್ದು. ತಾಳೆಯಾಯಿತೇ, ಮುಂದಿನ ಚೀಟಿ. ಪದೇ ಪದೇ ಪರದೆ ನೋಡಿಕೊಳ್ಳುವವರನ್ನು ಕಂಡರೆ ಅವಳಿಗೆ ನಗು ಬರುತ್ತಿತ್ತು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಚೀಟಿಯೊಂದಿಗೆ ಹೋಲಿಸಿ ನೋಡಬೇಕು ಎಂಬ ನಿಯಮವನ್ನು ಗೋಡೆಗೇನೋ ಅಂಟಿಸಿದ್ದರು. ಅಂಕಿಯಕ್ಕನ ಮಟ್ಟಿಗೆ ಅದನ್ನು ಎಲ್ಲರೂ ಎಂದೋ ಕೈಬಿಟ್ಟಿದ್ದರು. ಅವಳ ಕೆಲಸದಲ್ಲಿ ತಪ್ಪು ಹುಡುಕಲು ಹೋಗಿ ಬೈಸಿಕೊಳ್ಳುವವರು ಯಾರು!

ಆದರೆ ಮೂರು ವಾರದಿಂದ ಆ ಜಂಬದ ಅಡಿಯಲ್ಲೊಂದು ಹೆದರಿಕೆ ಬಂದು ಕೂತಿತ್ತು. ಅವಳ ದೊಡ್ಡಕ್ಕ ಕಾಲಿನ ಹುಣ್ಣು ಮಾಯದೆ ಎರಡನೇ ಮಹಡಿಯ ಹೆಂಗಸರ ವಾರ್ಡಿನ ಹನ್ನೆರಡನೇ ಹಾಸಿಗೆಯಲ್ಲಿ ಮಲಗಿದ್ದಳು. ಸಕ್ಕರೆ ಕಾಯಿಲೆ ಹಳೆಯದು. ತಾಯಿ ತೀರಿಕೊಂಡಾಗ ಅಂಕಿಯಕ್ಕನಿಗೆ ಆರು ವರ್ಷ, ದೊಡ್ಡಕ್ಕನಿಗೆ ಹದಿನೈದು. ಜಡೆ ಹೆಣೆದವಳು ಅವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಅವಳು, ಟೈಪಿಂಗ್ ಕ್ಲಾಸಿಗೆ ಕೈಹಿಡಿದು ಕರೆದೊಯ್ದು ಸೇರಿಸಿದವಳೂ ಅವಳೇ. ಅಂಥ ಅಕ್ಕನ ರಕ್ತ ದಿನಕ್ಕೆ ಐದಾರು ಸಲ ಕೆಳಗೆ ಬರುತ್ತಿತ್ತು, ಅಂಕಿ ಮೇಲೆ ಹೋಗುತ್ತಿತ್ತು. ಸಕ್ಕರೆ ಏರಿದ್ದರೆ ಇನ್ಸುಲಿನ್ ಚುಚ್ಚುತ್ತಾರೆ, ಇಳಿದಿದ್ದರೆ ಗ್ಲೂಕೋಸ್ ಕೊಡುತ್ತಾರೆ. ಇದಕ್ಕೆ ಅದು, ಅದಕ್ಕೆ ಇದು ಆದರೆ ಜೀವಕ್ಕೇ ಸಂಚಕಾರ. ವಾರ್ಡಿನಲ್ಲಿ ಬೆರಳು ಚುಚ್ಚಿ ನೋಡುವ ಪುಟ್ಟ ಮೀಟರೊಂದಿತ್ತು, ಅದು ಕೆಟ್ಟು ಕಪಾಟು ಸೇರಿ ತಿಂಗಳುಗಳಾಗಿದ್ದವು. ಎಲ್ಲರ ನಂಬಿಕೆಯೂ ಪರದೆಯ ಮೇಲಿನ ಅಂಕಿಯ ಮೇಲೆ.

ದೊಡ್ಡಕ್ಕನಿಗೆ ಮಾತ್ರ ಚಿಂತೆಯೇ ಇರಲಿಲ್ಲ. ಪಕ್ಕದ ಹನ್ನೊಂದನೇ ಹಾಸಿಗೆಯಲ್ಲಿ, ಬಿಸಿಲಿರಲಿ ಚಳಿಯಿರಲಿ ಹಸಿರು ಉಣ್ಣೆ ಟೋಪಿ ತೆಗೆಯದ ಮುದುಕಿಯೊಬ್ಬಳಿದ್ದಳು. ಅವಳದೂ ಅದೇ ಕಾಯಿಲೆ. ಟೋಪಿ ಅಜ್ಜಿಗೂ ದೊಡ್ಡಕ್ಕನಿಗೂ ಎರಡೇ ದಿನದಲ್ಲಿ ಗಳಸ್ಯಕಂಠಸ್ಯ.

"ಅಜ್ಜಿ, ನಮ್ಮಿಬ್ಬರ ಅಂಕಿನೂ ಇವಳ ಕೈಯಿಂದ್ಲೇ ಬರೋದು," ಎಂದು ದೊಡ್ಡಕ್ಕ ತಂಗಿಯನ್ನು ತೋರಿಸುತ್ತಿದ್ದಳು. "ಇವಳ ಕೈ ತಪ್ಪಲ್ಲ. ನೀವು ಕಾಲು ಚಾಚ್ಕೊಂಡು ನಿದ್ದೆ ಮಾಡಿ."

"ಹಂಗಾದ್ರೆ ನಂದು ಸ್ವಲ್ಪ ಕಮ್ಮಿ ಮಾಡಿ ಕಳ್ಸೇ ತಾಯಿ," ಎನ್ನುತ್ತಿದ್ದಳು ಟೋಪಿ ಅಜ್ಜಿ. "ಈ ನರ್ಸಮ್ಮ ಒಂದಿನಾನಾದ್ರೂ ಸಿಹಿ ತಿನ್ನೋಕೆ ಬಿಡ್ಲಿ."

ಹೆದರಿಕೆ ಹುಟ್ಟಿದ್ದು ಹೀಗೆ. ಲ್ಯಾಬಿನ ಕೀಬೋರ್ಡು ರಬ್ಬರಿನದು. ವರ್ಷಗಟ್ಟಲೆ ಬಡಿಸಿಕೊಂಡು ಮೆತ್ತಗಾಗಿ, ಒತ್ತಿದರೆ ಸದ್ದಿಲ್ಲ, ಬಿಟ್ಟರೆ ಉಸಿರಿಲ್ಲ. ಒಂದು ಮಧ್ಯಾಹ್ನ ದೊಡ್ಡಕ್ಕನ ಚೀಟಿಯಲ್ಲಿ 213 ಇತ್ತು. ಒತ್ತಿದಳು. ಎಂಟರ್ ಒತ್ತುವಷ್ಟರಲ್ಲಿ ದೀಪ ಮಿಣುಕಿತು. ಏನಾಯಿತೆಂದು ತಲೆ ಎತ್ತಿದರೆ ಪರದೆಯ ಮೇಲೆ 23 ಎಂದಿತ್ತು. ನಡುವಿನ ಒಂದನ್ನು ಆ ಹಾಳು ಕೀಬೋರ್ಡು ನುಂಗಿ ಹಾಕಿತ್ತು. ದೀಪ ಮಿಣುಕದೇ ಇದ್ದಿದ್ದರೆ? ಹೊಸದು ಕೊಡಿಸಿ ಎಂದು ಲ್ಯಾಬಿನ ಮುಖ್ಯಸ್ಥರ ಬೆನ್ನು ಬಿದ್ದಳು. ಅವರು ಅರ್ಜಿ ಬರೆದುಕೊಡಿ ಅಂದರು, ಕೊಟ್ಟಳು. ನೋಡೋಣ ಅಂದರು. ಆ ನೋಡೋಣ ಯಾವ ಜನ್ಮಕ್ಕೋ ಎಂದು ಅವಳಿಗೆ ಗೊತ್ತಿತ್ತು. ನನ್ನ ಅಕ್ಕನ ಜೀವ, ನಾನೇ ತಂದುಕೊಳ್ಳುತ್ತೇನೆ ಎಂದು ಮರುದಿನವೇ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೊರಟಳು.

ಅಂಗಡಿಯೋ, ದೀಪಗಳ ಸಂತೆ. ಗೋಡೆ ತುಂಬ ತೂಗುಹಾಕಿದ ಕೀಬೋರ್ಡುಗಳು ಕೆಂಪು, ನೀಲಿ, ಹಸಿರು ಬೆಳಕು ಕಾರುತ್ತಿದ್ದವು. ಗಡ್ಡದ ಅಂಗಡಿಯವನು ಅವಳ ವ್ಯಾನಿಟಿ ಬ್ಯಾಗನ್ನೂ ನರೆತ ಕೂದಲನ್ನೂ ನೋಡಿ, ಮಗನಿಗೆ ಕೊಳ್ಳಲು ಬಂದಿರಬೇಕೆಂದುಕೊಂಡ.

"ಯಾವ ಆಟಕ್ಕೆ ಆಂಟಿ?"

"ಆಸ್ಪತ್ರೆ ಆಟಕ್ಕೆ. ನಂಗೇ ಬೇಕಾಗಿರೋದು. ಗಟ್ಟಿ ಇರಬೇಕು, ಸದ್ದು ಮಾಡಬೇಕು."

ಅವನು ಒಂದನ್ನು ಇಳಿಸಿದ. "ಇದು ನೋಡಿ, ಗೇಮಿಂಗಿಗೆ ಅಂತಲೇ ಮಾಡಿರೋದು. ಒತ್ತಿದ್ರೆ ಸದ್ದೇ ಬರಲ್ಲ."

"ಸದ್ದು ಬರದೇ ಇರೋದು ನಂಗ್ಯಾಕಪ್ಪ? ಅಂಥದ್ದು ಒಂದಿದೆ, ಅದರ ಕಾಟಕ್ಕೇ ಇಲ್ಲಿಗೆ ಬಂದಿರೋದು."

ಇನ್ನೊಂದು ಇಳಿಸಿದ. ಅದರ ಬಲಬದಿಯಲ್ಲಿ ಏನೂ ಇರಲಿಲ್ಲ.

"ಅಂಕಿ ಎಲ್ಲಿ?"

"ಮೇಲ್ಗಡೆ ಸಾಲಲ್ಲಿದೆಯಲ್ಲ ಆಂಟಿ. ಪಕ್ಕದ ನಂಬರ್ ಪ್ಯಾಡು ಈಗಿನವಕ್ಕೆ ಇರಲ್ಲ. ಆಟ ಆಡೋರಿಗೆ ಮೌಸ್ ಓಡಿಸೋಕೆ ಜಾಗ ಬೇಕು ನೋಡಿ."

"ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡು ತಗೊಂಡು ನಾನೇನು ಅದರ ಮೇಲೆ ಬಟ್ಟೆ ಒಣಗಿಸಲಾ?"

ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ಅವನು ಒಳಗೆ ಹೋಗಿ, ಗಾಜಿನ ಪೆಟ್ಟಿಗೆಯಲ್ಲಿ ಚಂದಕ್ಕೆಂದು ಇಟ್ಟಿದ್ದ ಹಳೆಯ ತುಣುಕೊಂದನ್ನು ತಂದ. ಒಂದೇ ಒಂದು ಕೀ, ಅದರಡಿಗೆ ಒಂದೇ ಒಂದು ಸ್ವಿಚ್ಚು. ಅವಳು ಒತ್ತಿದಳು. ಕಟಕ್! ಅಬ್ಬಾ, ಏನು ಸದ್ದು! ಒಣ ಕಡ್ಡಿ ಮುರಿದಷ್ಟು ಸ್ಪಷ್ಟ. ಅಂಕಿಯಕ್ಕನ ಮುಖ ಅರಳಿತು.

"ಇದೇ ಬೇಕು."

"ಇದರದ್ದು ಪೂರ್ತಿ ಸೈಜಿಂದು ಒಂದು ಬರ್ತಿತ್ತು ಆಂಟಿ. ಅಡಿಗೆ ಉಕ್ಕಿನ ತಗಡು, ಪಕ್ಕಕ್ಕೆ ನಂಬರ್ ಪ್ಯಾಡು. ಒಂದೊಂದು ಕೀ ಐದು ಕೋಟಿ ಸಲ ಒತ್ತಿದ್ರೂ ಜಗ್ಗಲ್ಲ ಅಂತ ಪೆಟ್ಟಿಗೆ ಮೇಲೇ ಬರೆದಿರೋರು."

"ಐದು ಕೋಟಿ ಎಣಿಸಿದ ಪುಣ್ಯಾತ್ಮ ಯಾರಪ್ಪ?"

"ಯಾರೋ ನಿಮ್ಮಂಥೋರೇ ಇರಬೇಕು. ಆದ್ರೆ ಈಗ ಅದನ್ನ ಮಾಡೋದು ನಿಲ್ಲಿಸಿಬಿಟ್ಟಿದ್ದಾರೆ." ಅವನು ಗಡ್ಡ ಕೆರೆದುಕೊಂಡ. "ನಮ್ಮ ಗಿರಾಕಿಯೊಬ್ಬ ತನ್ನದನ್ನ ಮಾರ್ತೀನಿ ಅಂತಿದ್ದ. ಪಂದ್ಯ ಆಡೋ ಆಟಗಾರ. ಆಟದವರದ್ದು ಅಂತ ಹೆದರಬೇಡಿ. ಆಟದಲ್ಲಿ ಓಡಾಡೋಕೆ ಅವರೆಲ್ಲ ಸವೆಸೋದು ಎಡಗಡೆ ಅಕ್ಷರದಲ್ಲಿ ನಾಲ್ಕೇ ಕೀ. ಎಡಗೈ ಅಲ್ಲಿ, ಬಲಗೈ ಮೌಸ್ ಮೇಲೆ. ನಂಬರ್ ಪ್ಯಾಡ್ ಕಡೆ ತಿರುಗಿಯೂ ನೋಡಲ್ಲ. ನಿಮಗೆ ಬೇಕಾದ ಭಾಗ ಹೊಸದು ಅಂತಲೇ ಲೆಕ್ಕ."

ಮಾತು ಅವಳಿಗೆ ಪಟ್ಟನೆ ಹಿಡಿಸಿತು. ಎಷ್ಟು ಸರಿಯಾದ ಮಾತು ಅನ್ನಿಸಿತು. ಅವನು ಬರೆದುಕೊಟ್ಟ ವಿಳಾಸ ಹಿಡಿದು ಅಲ್ಲಿಂದಲೇ ಬಸ್ಸು ಹತ್ತಿದಳು.

ಆಟಗಾರನ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದದ್ದು ಅವನ ತಾಯಿ. ಆಟಗಾರ ಮೂವತ್ತು ದಾಟಿದ ಗಂಡಸು. ಬಲ ಮುಂಗೈಗೆ ಪಟ್ಟಿ ಸುತ್ತಿಕೊಂಡಿದ್ದ. ಕೋಣೆಯ ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಮೇಜಿನ ನಡುವೆ ಕೀಬೋರ್ಡು, ಅದರ ಎಡಕ್ಕೆ ಮೌಸು. ಯಾವ ಬದಿಗಿದ್ದರೆ ನನಗೇನು ಎಂದು ಅಂಕಿಯಕ್ಕ ಅದನ್ನು ನೋಡಿದಳು, ಅಷ್ಟೇ.

"ಯಾಕಪ್ಪ ಮಾರ್ತಿದೀಯ?"

"ಕೈ ನರ ಹಿಡ್ಕೊಂಡಿದೆ ಮೇಡಂ. ಆಟ ಬಿಡು ಅಂದಿದ್ದಾರೆ ಡಾಕ್ಟರು. ಎದುರಿಗಿದ್ರೆ ಮತ್ತೆ ಕೂರೋಣ ಅನ್ಸುತ್ತೆ."

"ಹಠಮಾರಿ ಇವನು," ಎಂದಳು ತಾಯಿ ಬಾಗಿಲಲ್ಲೇ ನಿಂತು. "ಹುಟ್ಟಿದಾಗಿಂದ ಎಲ್ಲಾ ಉಲ್ಟಾನೇ. ಬರೆಯೋದು ಎಡಗೈ, ಹಲ್ಲುಜ್ಜೋದು ಎಡಗೈ. ಆಟದಲ್ಲೂ ಹೊಡೆಯೋಕೆ ಬಂದ್ರೆ ಎಡಕ್ಕೇ ಓಡೋದಂತೆ. ಜೊತೆಯೋರೆಲ್ಲ ಆಡ್ಕೊಂಡು ನಗ್ತಾರೆ."

"ಅಮ್ಮಾ, ಸುಮ್ನಿರು."

ಅಂಕಿಯಕ್ಕ ಕೀಬೋರ್ಡನ್ನು ಎತ್ತಿ ತೂಗಿ ನೋಡಿದಳು. ಹೆಣಭಾರ. ಕಿಟಕಿಯ ಪರದೆ ಸರಿಸಿ ಬೆಳಕಿಗೆ ಹಿಡಿದಳು. ಅಂಗಡಿಯವನು ಹೇಳಿದ ಎಡಬದಿಯ ನಾಲ್ಕು ಅಕ್ಷರಗಳಲ್ಲಿ ಒಂದು ಗೆರೆಯೂ ಅಳಿಸಿರಲಿಲ್ಲ. ಅವಳು ಹಿಗ್ಗಿ ಹೀರೇಕಾಯಿಯಾದಳು. ಅಲ್ಲೇ ಸವೆದಿಲ್ಲ ಅಂದಮೇಲೆ ಅಂಕಿಗಳ ಮಾತೇನು! ನಂಬರ್ ಪ್ಯಾಡಿನ ನಾಲ್ಕು, ಐದು, ಆರು, ಎಂಟು ಕೀಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳಗಳು ಉಳಿದವಕ್ಕಿಂತ ಕೂದಲೆಳೆಯಷ್ಟು ಬೆಳ್ಳಗಿದ್ದವು. ಅದೂ ಅವಳ ಕಣ್ಣಿಗೆ ಬಿತ್ತು. ಎಷ್ಟು ಹೊಸದಾಗಿವೆ ಎಂದುಕೊಂಡಳು.

"ತಡೀರಿ, ಕಂಪ್ಯೂಟರಿಗೆ ಹಾಕಿ ತೋರಿಸ್ತೀನಿ," ಎಂದ ಆಟಗಾರ. "ಎಲ್ಲಾ ಕೀ ಒಂದ್ಸಲ ಒತ್ತಿ ನೋಡ್ಕೊಂಡು ತಗೊಂಡು ಹೋಗಿ. ಆಮೇಲೆ ನನ್ನ ಬೈಬೇಡಿ."

"ಬೇಡಪ್ಪ, ನನ್ನ ಕಿವಿ ಸಾಕು," ಎಂದಳು ಅಂಕಿಯಕ್ಕ.

ಎಲ್ಲಿಗೂ ತಗುಲಿಸದ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದನ್ನೂ ಹತ್ತು ಸಲ ಒತ್ತಿದಳು. ನೂರು ಒತ್ತು, ನೂರು ಸದ್ದು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವಳಿಗೆ ಬೇಕಾದ ಪರೀಕ್ಷೆ ಮುಗಿದಿತ್ತು. ಆಟಗಾರ ಇನ್ನೊಮ್ಮೆ ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ತಂತಿಯನ್ನು ಸುತ್ತಿ ಚೀಲಕ್ಕೆ ತುಂಬುತ್ತಿದ್ದಳು.

ಲ್ಯಾಬಿಗೆ ಅವಳು ಕೀಬೋರ್ಡು ತಂದ ದಿನ ಎಲ್ಲರೂ ಬಂದು ಬಂದು ನೋಡಿದರು. ಅವಳು ಬಡಿಯತೊಡಗಿದರೆ ಸದ್ದು ಕಾರಿಡಾರಿನ ತುದಿಯವರೆಗೆ ಕೇಳುತ್ತಿತ್ತು. "ಅಂಕಿಯಕ್ಕ ಯುದ್ಧಕ್ಕೆ ಕೂತಳು," ಎಂದು ಮುಖ್ಯಸ್ಥರು ಚೇಷ್ಟೆ ಮಾಡಿದರು. ಅವಳಿಗೋ ಸ್ವರ್ಗ ಮೂರೇ ಗೇಣು. ಬೆರಳು ಹೇಳಿದ್ದು ಕಿವಿಗೆ ಕೇಳುತ್ತಿತ್ತು, ಕಿವಿಗೆ ಕೇಳಿದ್ದು ಚೀಟಿಯೊಂದಿಗೆ ತಾಳೆಯಾಗುತ್ತಿತ್ತು. ತಲೆ ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ. ದಿನದ ಚೀಟಿಗಳಿಗೆ ರಬ್ಬರ್ ಬ್ಯಾಂಡು ಹಾಕಿ ಡ್ರಾಯರಿಗೆ ತಳ್ಳಿ ಹೊರಟರೆ ಸಾಯಂಕಾಲ ಅಕ್ಕನ ಜೊತೆ ಹರಟೆ.

ಎರಡನೇ ದಿನ ಕಂಪ್ಯೂಟರು, 4417 ನಂಬರಿನ ರೋಗಿ ಇಲ್ಲ ಎಂದು ಕುಂಯ್‌ಗುಟ್ಟಿತು. ಅವಳು ಒತ್ತಿದ್ದು 417. ಬೆರಳು ಜಾರಿರಬೇಕು ಎಂದು ಅಳಿಸಿ ಮತ್ತೆ ಒತ್ತಿದಳು, ಸರಿಹೋಯಿತು. ಬೆರಳು ಜಾರಿತ್ತೇ? ಕಿವಿಗೆ ಮೂರೇ ಸದ್ದು ಕೇಳಿತ್ತಲ್ಲ? ಆ ಪ್ರಶ್ನೆ ಸೊಳ್ಳೆಯಂತೆ ಒಂದು ಕ್ಷಣ ಕಿವಿಯ ಹತ್ತಿರ ಸುಳಿದು ಹೋಯಿತು. ಅವಳು ಅದನ್ನು ಹಿಡಿಯಲು ಹೋಗಲಿಲ್ಲ.

ನಾಲ್ಕನೇ ದಿನ, ಗುರುವಾರ, ಸಾಯಂಕಾಲ ವಾರ್ಡಿಗೆ ಹೋದರೆ ಹನ್ನೊಂದನೇ ಹಾಸಿಗೆಗೆ ಹೊಸ ದುಪ್ಪಟಿ ಹಾಸಿತ್ತು. ದೊಡ್ಡಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಟೋಪಿ ಅಜ್ಜಿ ಹೋಗ್ಬಿಟ್ರು ಕಣೇ," ಎಂದಳು, ತಿರುಗದೆಯೇ. "ಬೆಳಿಗ್ಗೆ ನಂಗೆ ಒಗಟು ಹೇಳ್ತಿದ್ರು. ಹನ್ನೆರಡರ ಹೊತ್ತಿಗೆ ಬೆವರು ಧಾರಾಕಾರ. ಮಾತು ತೊದಲ್ತು. ನನ್ನ ಕೈ ಹಿಡ್ಕೊಂಡು ಯಾರ್ಯಾರದೋ ಹೆಸರು ಕರೆದ್ರು."

ದಪ್ಪ ಕನ್ನಡಕದ ನರ್ಸು ಮಾತ್ರೆಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. "ಶುಗರ್ ಸಿಕ್ಕಾಪಟ್ಟೆ ಏರಿತ್ತು ಅಂಕಿಯಕ್ಕ. ಇನ್ಸುಲಿನ್ ಕೊಟ್ವಿ. ಬೆವರು ನೋಡಿ, ಕಮ್ಮಿ ಆಗ್ಲಿಲ್ವೇನೋ ಅಂತ ಇನ್ನೊಂದ್ಸಲ ಕೊಟ್ವಿ. ಆಗಿದ್ದೇ ಬೇರೆ. ವಯಸ್ಸಾಗಿತ್ತಲ್ಲ."

"ಪಾಪ," ಎಂದಳು ಅಂಕಿಯಕ್ಕ. ಅಜ್ಜಿಯ ಮಗಳು, ಬಟ್ಟೆ ಹೊಲಿದು ಬದುಕುವವಳು, ಸಾಮಾನು ಒಯ್ಯುವಾಗ, ಅಮ್ಮನಿಗೆ ಜೊತೆಯಾಗಿದ್ದಿರಿ ಎಂದು ಆ ಹಸಿರು ಟೋಪಿಯನ್ನು ದೊಡ್ಡಕ್ಕನಿಗೇ ಕೊಟ್ಟು, ಫೋನ್ ನಂಬರನ್ನು ಒಂದು ಕಾಗದದ ಮೇಲೆ ಬರೆದು ಅದರೊಳಗಿಟ್ಟು ಹೋಗಿದ್ದಳಂತೆ. ಡಾಕ್ಟರಿಗೆ, ನರ್ಸಿಗೆ, ಎಲ್ಲರಿಗೂ ಕೈ ಮುಗಿದು ಹೋದಳಂತೆ.

"ನಂಗೂ ಹಂಗೇ ಆದ್ರೆ?" ಎಂದು ದೊಡ್ಡಕ್ಕ ಮೊದಲ ಸಲ ಕೇಳಿದಳು.

"ಬಿಡ್ತು ಅನ್ನು. ನಿನ್ನ ಅಂಕಿ ಯಾರ ಕೈಲಿದೆ?"

ಆ ಮಾತು ಹೇಳುವಾಗ ಅವಳಿಗೆ ತಾನು ಯಾವುದರ ಮೇಲೆ ಆಣೆ ಇಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ನಾಲಗೆ ಸೇದಿಹೋಗುತ್ತಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಯಂತ್ರ ಹೊಸ ಚೀಟಿಗಳನ್ನು ಉಗುಳಿತು. ನಾಲ್ಕನೆಯದು 317. ದೊಡ್ಡಕ್ಕನ ನಂಬರು. ಬೇರೆಯವರ ಅಂಕಿಗಳು ಅವಳಿಗೆ ಬರೀ ಅಂಕಿಗಳು, ಬೆರಳಿನಿಂದ ಇಳಿದು ಹೋಗುತ್ತಿದ್ದವು. 317 ಎಂದರೆ ಮಾತ್ರ ಓದಿಯೇ ಓದುತ್ತಿದ್ದಳು. ಪಕ್ಕದಲ್ಲಿ 48 ಎಂದಿತ್ತು.

ನಲವತ್ತೆಂಟು! ಅಯ್ಯೋ, ಇಷ್ಟು ಇಳಿದರೆ ಮನುಷ್ಯ ಉಳಿಯುವುದು ಹೇಗೆ? ಬೇಗ ಹೋಗಲಿ, ಬೇಗ ನೋಡಲಿ, ಬೇಗ ಗ್ಲೂಕೋಸ್ ಹಾಕಲಿ ಎಂದು ಒತ್ತಿದಳು. ಕಟಕ್, ಕಟಕ್, ಆಮೇಲೆ ಎಂಟರಿನ ದಪ್ಪ ಸದ್ದು. ಎರಡಂಕಿಗೆ ಎರಡು ಸದ್ದು, ಸರಿಯಾಗಿದೆ. ತಕ್ಷಣ ವಾರ್ಡಿಗೆ ಫೋನ್ ಹಚ್ಚಿದಳು. ಯಾರೋ ಮಾತಾಡುತ್ತಿದ್ದರು, ಸಿಗಲಿಲ್ಲ. ಇರಲಿ, ಅಂಕಿ ಪರದೆಗೆ ಹೋಗಿಯಾಯಿತಲ್ಲ, ಕುರುಡಿಗೂ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡು ಉಳಿದ ಚೀಟಿಗಳನ್ನು ತುಂಬಿದಳು. ಹತ್ತು ನಿಮಿಷ ಕಳೆದಿರಬೇಕು. ಮತ್ತೆ ಫೋನ್ ಮಾಡಿದಾಗ ದಪ್ಪ ಕನ್ನಡಕದ ನರ್ಸು ಎತ್ತಿದಳು.

"ಸಿಸ್ಟರ್, ದೊಡ್ಡಕ್ಕನಿಗೆ ಗ್ಲೂಕೋಸ್ ಹಾಕಿದ್ರಾ?"

"ಗ್ಲೂಕೋಸಾ? ಏನು ಅಂಕಿಯಕ್ಕ, ತಮಾಷೆ ಮಾಡ್ತೀರಾ? ನಾನೂರ ನಲವತ್ತೆಂಟು ಇದೆ. ಈಗಷ್ಟೇ ಇನ್ಸುಲಿನ್ ಕೊಟ್ಟು ಬಂದೆ."

"ನಲವತ್ತೆಂಟು ಕಣ್ರೀ!" ಅವಳು ಕಿರುಚಿದಳು. "ನಾನೂರಲ್ಲ, ಬರೀ ನಲವತ್ತೆಂಟು! ಗ್ಲೂಕೋಸ್ ಹಾಕ್ರೀ, ಓಡ್ರೀ!"

ಫೋನು ಕೈಯಿಂದ ಬಿತ್ತೋ ಇಟ್ಟಳೋ ಅವಳಿಗೆ ನೆನಪಿಲ್ಲ. ಲಿಫ್ಟಿಗೆ ಕಾಯದೆ, ಎರಡು ಮಹಡಿಯ ಮೆಟ್ಟಿಲನ್ನು ಬಿದ್ದೆನೋ ಕೆಟ್ಟೆನೋ ಎಂದು ಹತ್ತಿದಳು. ದೊಡ್ಡಕ್ಕನ ರವಿಕೆ ಹಿಂಡುವಷ್ಟು ಒದ್ದೆಯಾಗಿತ್ತು. ಕಣ್ಣು ಎಲ್ಲೋ ಮೇಲೆ ಸಿಕ್ಕಿಕೊಂಡಿತ್ತು. ತುಟಿ ತೊದಲುತ್ತಿತ್ತು. "ಪುಟ್ಟಿ... ಜಡೆ... ಪುಟ್ಟಿ..." ನರ್ಸು ನರ ಹುಡುಕಿ ಗ್ಲೂಕೋಸ್ ತಳ್ಳುತ್ತಿದ್ದಳು. ಡಾಕ್ಟರು ಓಡಿಬಂದರು. ಅಂಕಿಯಕ್ಕ ಅಕ್ಕನ ತಣ್ಣನೆಯ ಪಾದಗಳನ್ನು ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಹೋಗಬೇಡ, ಹೋಗಬೇಡ ಎನ್ನುವುದೊಂದೇ ಅವಳ ಬಾಯಲ್ಲಿತ್ತು.

ಮುಕ್ಕಾಲು ಗಂಟೆಯ ಮೇಲೆ ದೊಡ್ಡಕ್ಕ ಕಣ್ಣು ತಿರುಗಿಸಿ ಅವಳನ್ನು ಗುರುತಿಸಿದಳು. "ಏನೇ ಇದು, ಹುಚ್ಚಿ ಹಾಗೆ ಕೂದಲು ಕೆದರ್ಕೊಂಡಿದೀಯ," ಎಂದಳು. ಅಂಕಿಯಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ನರ್ಸು ತಪ್ಪು ಓದಿದಳೇ? ಅಂಕಿಯಕ್ಕ ವಾರ್ಡಿನ ಪರದೆಯ ಮುಂದೆ ಹೋಗಿ ನಿಂತಳು. 317ರ ಎದುರಿಗೆ 448. ಮೂರಂಕಿ, ಕಣ್ಣಿಗೆ ರಾಚುವ ಹಾಗೆ.

ಕೆಳಗೆ ಬಂದು ಕುರ್ಚಿಯ ಮೇಲೆ ಕೂತಳು. ಕಂಪ್ಯೂಟರಿನಲ್ಲಿ ಒಂದು ಖಾಲಿ ಪುಟ ತೆರೆದಳು. ನಾಲ್ಕರ ಮೇಲೆ ಬೆರಳಿಟ್ಟು, ಕೆಲಸದ ವೇಗದಲ್ಲೇ ನೂರು ಸಲ ಒತ್ತಿದಳು. ಈ ಸಲ ಕಣ್ಣು ಪರದೆಯ ಮೇಲೆ. ಕಿವಿಗೆ ನೂರೇ ಸದ್ದು ಕೇಳಿತು. ಪರದೆಯ ಮೇಲೆ ನೂರಾ ಏಳು ನಾಲ್ಕುಗಳಿದ್ದವು. ಸವೆದ ಸ್ವಿಚ್ಚು ಒಮ್ಮೆ ಒತ್ತಿದ್ದನ್ನು ಆಗೊಮ್ಮೆ ಈಗೊಮ್ಮೆ ಎರಡು ಸಲ ಒತ್ತಿದ್ದೆಂದು ಹೇಳುತ್ತಿತ್ತು. ಸದ್ದು ಮಾತ್ರ ಒಂದೇ. ಕಿವಿಗೆ ಅದು ಯಾವ ಜನ್ಮಕ್ಕೂ ಸಿಗುವ ತಪ್ಪಲ್ಲ.

ಆಗ ಒಂದೊಂದೇ ನೆನಪಾಯಿತು. ಎಡಕ್ಕಿದ್ದ ಮೌಸು. ಎಡಗೈಯವನು. ಎಡಗೈ ಮೌಸಿನ ಮೇಲಿದ್ದರೆ ಬಲಗೈ ಎಲ್ಲಿರುತ್ತದೆ? ನಂಬರ್ ಪ್ಯಾಡಿನ ಮೇಲೆ. ಆಟದಲ್ಲಿ ಓಡಲು ಎಂಟು ಮುಂದಕ್ಕೆ, ಐದು ಹಿಂದಕ್ಕೆ, ಆರು ಬಲಕ್ಕೆ, ನಾಲ್ಕು ಎಡಕ್ಕೆ. ಹೊಡೆಯಲು ಬಂದರೆ ಎಡಕ್ಕೇ ಓಡುವವನು. ಬಣ್ಣ ಹೋದ ಮುಚ್ಚಳಗಳನ್ನು ಬದಲಾಯಿಸಿದ್ದ, ಅಡಿಯ ಸ್ವಿಚ್ಚು ಅದೇ ಉಳಿದಿತ್ತು. ಅವನು ಮೋಸವನ್ನೂ ಮಾಡಿರಲಿಲ್ಲ. ಕಂಪ್ಯೂಟರಿಗೆ ಹಾಕಿ ನೋಡಿಕೊಳ್ಳಿ ಎಂದಿದ್ದ. ಬೇಡ ಅಂದವಳು ಅವಳೇ.

ಮುಖ್ಯಸ್ಥರು ಬಂದು ಬಾಗಿಲು ಹಾಕಿಕೊಂಡರು. ಎಲ್ಲ ಕೇಳಿದರು. ಅವರ ಮುಖ ಬಿಳಿಚಿಕೊಂಡಿತು.

"ನಿಮ್ಮಕ್ಕ ಉಳಿದ್ರಲ್ಲ, ಅಷ್ಟು ಸಾಕು," ಎಂದರು ತಗ್ಗಿದ ದನಿಯಲ್ಲಿ. "ಇದನ್ನ ಇವತ್ತೇ ಮನೆಗೆ ಒಯ್ದುಬಿಡಿ. ಹಳೇದು ಹಾಕ್ಕೊಳ್ಳಿ. ಹೊಸದಕ್ಕೆ ನಾನೇ ಓಡಾಡ್ತೀನಿ. ಹಳೇ ಚೀಟಿ ಕೆದಕೋಕೆ ಹೋಗ್ಬೇಡಿ. ನನ್ನ ಮಾತು ಕೇಳಿ."

ಅವರು ಹೋದ ಮೇಲೆ ಅಂಕಿಯಕ್ಕ ಡ್ರಾಯರು ಎಳೆದಳು. ಈ ಕೀಬೋರ್ಡು ಬಂದ ಮೇಲಿನ, ರಬ್ಬರ್ ಬ್ಯಾಂಡು ಹಾಕಿದ ಎಂಟು ಕಂತೆಗಳು ಸಾಲಾಗಿ ಕೂತಿದ್ದವು. ಎಷ್ಟು ಚೀಟಿ, ಎಷ್ಟು ನಾಲ್ಕು! ಕೈ ಮೊದಲನೆಯ ಕಂತೆಗೆ ಹೋಗಲಿಲ್ಲ. ಅದು ನೇರವಾಗಿ ಗುರುವಾರದ ಕಂತೆಯನ್ನೇ ಎತ್ತಿತು. ಬೇಡ, ಬೇಡ ಎಂದು ಮನಸ್ಸು ಹೇಳುತ್ತಲೇ ಇತ್ತು. ಅವಳು ಒಂದೊಂದೇ ಚೀಟಿಯನ್ನು ಪರದೆಯ ಪಕ್ಕಕ್ಕೆ ಹಿಡಿದು ಓದತೊಡಗಿದಳು, ಗೋಡೆಯ ಮೇಲಿನ ನಿಯಮದಂತೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಇಪ್ಪತ್ತಾರನೇ ಚೀಟಿಯಲ್ಲಿ 41 ಎಂದಿತ್ತು. ಪರದೆಯಲ್ಲಿ 441. ನಂಬರನ್ನು ಒತ್ತಿದರೆ ಹೆಸರು, ಮಹಡಿ, ಹಾಸಿಗೆ ಎಲ್ಲ ಬಂತು. ಎರಡನೇ ಮಹಡಿ, ಹೆಂಗಸರ ವಾರ್ಡು, ಹನ್ನೊಂದನೇ ಹಾಸಿಗೆ. ಸಮಯ ಹನ್ನೊಂದೂ ಮುಕ್ಕಾಲು.

ಒಂದು ದಿನವಾದರೂ ಸಿಹಿ ತಿನ್ನಬೇಕೆಂದಿದ್ದಳು ಟೋಪಿ ಅಜ್ಜಿ. ಆ ಹೊತ್ತಿಗೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿದ್ದರೂ ಬದುಕುತ್ತಿದ್ದಳು.

ಅಂಕಿಯಕ್ಕ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ದೊಡ್ಡಕ್ಕ ದಿಂಬಿಗೆ ಒರಗಿ ಕೂತಿದ್ದಳು. ಚಳಿಯಾಗುತ್ತಿದೆ ಎಂದು ಹಸಿರು ಟೋಪಿ ಹಾಕಿಕೊಂಡಿದ್ದಳು.

"ಬಾ. ಯಾಕೆ ಅಲ್ಲೇ ನಿಂತೆ? ನಾನು ಸತ್ತಿಲ್ಲ ಕಣೇ."

"ಆ ಟೋಪಿ ಒಳಗೆ ಒಂದು ಫೋನ್ ನಂಬರ್ ಇತ್ತಲ್ಲ ಅಕ್ಕಾ. ಅಜ್ಜಿ ಮಗಳದ್ದು."

"ಇದೆ. ಈಗ್ಯಾಕೆ ಅದು?"

ಅಂಕಿಯಕ್ಕ ಅಂಗೈ ಬಿಚ್ಚಿ ಚೀಟಿ ತೋರಿಸಿದಳು. ಹೇಳಬೇಕಾದ್ದನ್ನು ನಾಲ್ಕೇ ಮಾತಲ್ಲಿ ಹೇಳಿದಳು. ದೊಡ್ಡಕ್ಕ ಕೇಳಿದಳು. ಪಕ್ಕದ ಹನ್ನೊಂದನೇ ಹಾಸಿಗೆಯನ್ನು ನೋಡಿದಳು, ಅಲ್ಲೀಗ ಬೇರೆ ಯಾರೋ ಮಲಗಿದ್ದರು. ತಲೆಯ ಮೇಲಿನ ಟೋಪಿಯನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ ಪುಟ್ಟಿ. ಜೈಲೋ ಏನೋ."

"ಗೊತ್ತು."

"ಹೇಳದೆ ಇದ್ರೆ?"

"ಇನ್ನೂ ಏಳು ಕಂತೆ ಇವೆ ಅಕ್ಕಾ. ಅವೆಲ್ಲ ಯಾರದೋ ಅಕ್ಕಂದಿರದ್ದು."

ದೊಡ್ಡಕ್ಕ ಟೋಪಿಯ ಮಡಿಕೆಯಿಂದ ಕಾಗದ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಂಕಿ ಓದತೊಡಗಿದಳು. ಅಂಕಿಯಕ್ಕ ಒಂದೊಂದನ್ನೂ ಫೋನಿನ ಮೇಲೆ ಒತ್ತಿ, ಒತ್ತಿದ್ದು ಮೂಡಿತೇ ಎಂದು ನೋಡಿ, ಹೂಂ ಅನ್ನುತ್ತಿದ್ದಳು. ನಡುವೆ ಒಂದು ನಾಲ್ಕು ಬಂತು. ಅವಳ ಬೆರಳು ನಿಂತಿತು. ಒತ್ತಿದಳು. ಒಂದೇ ನಾಲ್ಕು ಮೂಡಿತ್ತು. ಆದರೂ ಮತ್ತೊಮ್ಮೆ ನೋಡಿಕೊಂಡಳು.

ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳಿ, ನಿಂತಿತು.

"ಹಲೋ, ಯಾರು?"

ಅಂಕಿಯಕ್ಕ ಮೊದಲು ತನ್ನ ಹೆಸರು ಹೇಳಿದಳು. ಆಮೇಲೆ ಚೀಟಿಯ ಮೇಲಿದ್ದ ಅಂಕಿಯನ್ನು ಹೇಳಿದಳು.